ಫೋನ್ ಇಡಬೇಡ ಅಂದರೆ ಮೊದಲು ಫೋನ್ ಇಡು

ತುಮಕೂರಿನಿಂದ ಆರನೇ ತರಗತಿಯ ಓದುಗನೊಬ್ಬ ನನಗೆ ಪತ್ರ ಬರೆದಿದ್ದಾನೆ. "ಅಜ್ಜಿ, ನಮ್ಮ ಚಿಕ್ಕಪ್ಪ ಚಿಕ್ಕಮ್ಮ ಮುಂದಿನ ತಿಂಗಳು ಕೆನಡಾಕ್ಕೆ ಹೋಗ್ತಾರೆ. ಅಲ್ಲೇ ಇರ್ತಾರಂತೆ. ಅಲ್ಲಿ ಕಳ್ಳರು ಇದ್ದಾರಾ? ನಮ್ಮ ತಾತ ಹೇಳ್ತಾರೆ, ಆ ಊರಲ್ಲಿ ಜನ ಮನೆಗೆ ಬೀಗವನ್ನೇ ಹಾಕಲ್ವಂತೆ."

ಬೀಗ ಹಾಕ್ತಾರೆ ಮಗು. ತಾತನಿಗೆ ಯಾರೋ ಹಳೇ ಕಾಲದ ಕಥೆ ಹೇಳಿರಬೇಕು. ಆದರೆ ನಿನ್ನ ಚಿಕ್ಕಪ್ಪನ ಮನೆಗೆ ಬರುವ ಕಳ್ಳ ಬಾಗಿಲಿಂದ ಬರುವುದಿಲ್ಲ, ಫೋನಿನಿಂದ ಬರುತ್ತಾನೆ. "ಸರ್, ಗುಡ್ ಮಾರ್ನಿಂಗ್" ಅಂತ ಬಹಳ ಮರ್ಯಾದೆಯಿಂದಲೇ ಮಾತು ಶುರು ಮಾಡುತ್ತಾನೆ.

ನಾನು 31 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ನಿವೃತ್ತಿಯ ಮೇಲೆ ಎರಡು ಸಲ ಟೊರಾಂಟೊ ಪಕ್ಕದ ಮಿಸ್ಸಿಸ್ಸಾಗದಲ್ಲಿ ಮಗಳ ಮನೆಯಲ್ಲಿದ್ದು ಬಂದೆ. ಅಲ್ಲಿ ನಮ್ಮವರು ಬೇಕಾದಷ್ಟು ಜನ. ಶನಿವಾರ ಸಂಜೆ ಒಬ್ಬರ ಮನೆಯಲ್ಲಿ ಬಿಸಿಬೇಳೆಬಾತ್ ಆದರೆ ಹತ್ತು ಚಪ್ಪಲಿ ಬಾಗಿಲಲ್ಲಿ ಇರುತ್ತಿದ್ದವು. ಚಳಿಗಾಲದಲ್ಲಿ ಚಪ್ಪಲಿ ಅಲ್ಲ, ಆನೆಕಾಲಿನಂಥ ಬೂಟುಗಳು. ಆ ಮಾತುಕತೆಯಲ್ಲಿ ಹೊಸದಾಗಿ ಬಂದ ಹುಡುಗರು ಒಬ್ಬೊಬ್ಬರಾಗಿ ಬಿಚ್ಚಿಟ್ಟ ಸಂಗತಿಗಳನ್ನೇ ಈ ವಾರ ಜಗಲಿಗೆ ತಂದಿದ್ದೇನೆ.

ಹಾಸನದ ಕಡೆಯ ಒಬ್ಬ ಹುಡುಗನದು ಮೊದಲು ಹೇಳುತ್ತೇನೆ. ಇಪ್ಪತ್ತಾರು ವರ್ಷ. ಅಪ್ಪ ಶುಂಠಿ ಬೆಳೆದ ದುಡ್ಡಿನಲ್ಲಿ ಟಿಕೆಟ್ ತೆಗೆಸಿ ಕಳಿಸಿದ್ದರು. ಕಾಯಂ ವಾಸದ ಅನುಮತಿ, ಅಲ್ಲಿ ಎಲ್ಲರೂ ಪಿ.ಆರ್. ಅನ್ನುತ್ತಾರಲ್ಲ, ಅದು ಸಿಕ್ಕಿತ್ತು. ಓದಿದ ಕೆಲಸ ಸಿಗುವ ತನಕ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿ. ಬಂದು 11 ವಾರವಾಗಿತ್ತು. ಒಂದು ಬೆಳಿಗ್ಗೆ, ಪಾಳಿ ಮುಗಿಸಿ ಬಂದು ಮಲಗಿದ್ದಾಗ ಫೋನು ಬಂತು. ತೆರಿಗೆ ಇಲಾಖೆಯಿಂದ, ಅಂದರೆ ಅಲ್ಲಿನವರು ಸಿ.ಆರ್.ಎ. ಅನ್ನುವ ಕೆನಡಾ ರೆವಿನ್ಯೂ ಏಜೆನ್ಸಿಯಿಂದ. ಫೋನಿನ ಪರದೆಯ ಮೇಲೂ ಅದೇ ಹೆಸರು ತೋರಿಸುತ್ತಿತ್ತು.

"ನಿಮ್ಮ ಸಿನ್ ನಂಬರ್ ಒಂದು ಅಪರಾಧದಲ್ಲಿ ಬಳಕೆಯಾಗಿದೆ. ನಿಮ್ಮ ಮೇಲೆ ವಾರಂಟ್ ಹೊರಟಿದೆ. ಇಂದು ಸಂಜೆಯೊಳಗೆ ಪೊಲೀಸರು ಬರ್ತಾರೆ. ಪಿ.ಆರ್. ರದ್ದಾಗುತ್ತೆ, ವಾಪಸ್ ಕಳಿಸ್ತಾರೆ."

ಮಕ್ಕಳೇ, ಸಿನ್ ಅಂದರೆ ನಮ್ಮ ಆಧಾರ್ ಇದ್ದ ಹಾಗೆ ಒಂದು ಸಂಖ್ಯೆ. ಒಂಬತ್ತು ಅಂಕಿ. ತಾತ್ಕಾಲಿಕವಾಗಿ ಬಂದವರದು 9ರಿಂದಲೇ ಶುರುವಾಗುತ್ತದೆ. ಅದಿಲ್ಲದೆ ಅಲ್ಲಿ ಸಂಬಳವಿಲ್ಲ. ಹಾಗಾಗಿ ಆ ಹುಡುಗನಿಗೆ ಹೊಟ್ಟೆಯಲ್ಲಿ ಚಳುಕು ಹುಟ್ಟಿತು. ಮುಂದೆ ಫೋನಿನವನು ದನಿ ತಗ್ಗಿಸಿದ. ಪಾಪ, ನೀವು ಒಳ್ಳೆಯವರ ಹಾಗೆ ಕಾಣ್ತೀರಿ, ನಾನೊಂದು ದಾರಿ ಮಾಡಿಕೊಡ್ತೇನೆ. 3,000 ಡಾಲರ್ ಜಾಮೀನು ಕಟ್ಟಿ, ತನಿಖೆ ಮುಗಿದ ಮೇಲೆ ವಾಪಸ್ ಬರುತ್ತೆ. ಆದರೆ ಫೋನ್ ಇಡಬೇಡಿ. ಯಾರಿಗೂ ಹೇಳಬೇಡಿ. ಹೇಳಿದರೆ ಅವರೂ ಸಿಕ್ಕಿಬೀಳ್ತಾರೆ.

ಹಣ ಕಟ್ಟುವುದು ಎಲ್ಲಿ? ಬ್ಯಾಂಕಿನಲ್ಲಲ್ಲ. ಅಂಗಡಿಯಲ್ಲಿ ಗಿಫ್ಟ್ ಕಾರ್ಡ್ ಕೊಳ್ಳಬೇಕು. ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡುತ್ತಾರಲ್ಲ, ಆ ಕಾರ್ಡು. ಹಿಂದುಗಡೆ ಬೆಳ್ಳಿ ಬಣ್ಣದ ಪಟ್ಟಿಯನ್ನು ಉಗುರಿನಿಂದ ಕೆರೆದರೆ ಒಂದು ಸಂಖ್ಯೆ ಕಾಣುತ್ತದೆ. ಆ ಸಂಖ್ಯೆಯನ್ನು ಫೋನಿನಲ್ಲಿ ಓದಿ ಹೇಳಿದರೆ ಮುಗಿಯಿತು, ಕಾರ್ಡು ನಮ್ಮ ಕೈಯಲ್ಲೇ ಇದ್ದರೂ ಹಣ ಅವನ ಜೇಬಿನಲ್ಲಿ. ನೋಟು ಕೈಗೆ ಕೊಟ್ಟಷ್ಟೇ ಖಂಡಿತ, ವಾಪಸ್ ತರುವ ದಾರಿ ಬಹುಮಟ್ಟಿಗೆ ಇಲ್ಲ.

ಈ ಜಾಗದಲ್ಲಿ ಒಂದು ನಿಮಿಷ ನಿಲ್ಲೋಣ. ಯಾವ ದೇಶದ ಸರ್ಕಾರ ತೆರಿಗೆಯನ್ನು ಉಡುಗೊರೆ ಕಾರ್ಡಿನಲ್ಲಿ ವಸೂಲಿ ಮಾಡುತ್ತದೆ? ನಮ್ಮೂರ ಪಂಚಾಯ್ತಿಯವರು ಮನೆ ಕಂದಾಯಕ್ಕೆ ಬಂದು "ಎರಡು ಕೆಜಿ ಮೈಸೂರ್ ಪಾಕ್ ಕೊಡಿ, ರಸೀದಿ ಹರಿದುಕೊಡ್ತೀನಿ" ಅಂದ ಹಾಗಾಯಿತು. ಇಲ್ಲಿ ಕೂತು ಓದುವಾಗ ನಗು ಬರುತ್ತದೆ. ನಿದ್ದೆಗೆಟ್ಟ ಹುಡುಗನಿಗೆ, ಹೊರಗೆ ಹಿಮ ಬೀಳುತ್ತಿರುವಾಗ, ಪರದೆಯ ಮೇಲೆ ಸರ್ಕಾರದ ಹೆಸರು ಕಾಣುತ್ತಿರುವಾಗ ನಗು ಬರಲಿಲ್ಲ. ಇನ್ನೊಂದು ಲೆಕ್ಕವೂ ಅವನಿಗೆ ಆಗ ಹೊಳೆಯಲಿಲ್ಲ. ಕೆನಡಾದಲ್ಲಿ ಒಂದು ವರ್ಷದ ಆದಾಯದ ಲೆಕ್ಕವನ್ನು ಸಾಮಾನ್ಯವಾಗಿ ಮುಂದಿನ ವರ್ಷದ ಏಪ್ರಿಲ್ 30ರೊಳಗೆ ಕೊಡುವುದು. ಇನ್ನೂ ಒಂದು ಲೆಕ್ಕವನ್ನೂ ಕೊಡದವನನ್ನು ತೆರಿಗೆಯವರು ಹಿಡಿಯಲು ಬರುವುದೆಲ್ಲಿಂದ?

ಮೊದಲ ಅಂಗಡಿಯಲ್ಲಿ 500 ಡಾಲರಿನ ಎರಡು ಕಾರ್ಡು ಕೊಂಡ, ಸಂಖ್ಯೆ ಓದಿಬಿಟ್ಟ. ಎರಡನೇ ಅಂಗಡಿಗೆ ನಡೆದ. ಫೋನು ಜಾಕೆಟ್ಟಿನ ಜೇಬಿನಲ್ಲಿ, ಮಾತು ಕಟ್ ಆಗಿರಲಿಲ್ಲ. ಗಲ್ಲಾದಲ್ಲಿ ಶ್ರೀಲಂಕಾ ತಮಿಳರ ಒಬ್ಬ ಹಿರಿಯ ಹೆಂಗಸು. ನಾಲ್ಕು ಕಾರ್ಡು ಒಟ್ಟಿಗೆ ತಂದಿಟ್ಟ ಹುಡುಗನ ಮುಖ ನೋಡಿದರು. ಬಾಯಿ ಬಿಡಲಿಲ್ಲ. ಬಿಲ್ಲಿನ ಕಾಗದ ಹರಿದು ಹಿಂದುಗಡೆ ಬರೆದು ಅವನ ಮುಂದೆ ಸರಿಸಿದರು: "ಫೋನಿನಲ್ಲಿ ಯಾರಾದರೂ ಇದ್ದಾರಾ?" ಅವನು ತಲೆಯಾಡಿಸಿದ. ಆಕೆ ಇನ್ನೊಂದು ಸಾಲು ಬರೆದರು: "ಕಳ್ಳ. ಕಟ್ ಮಾಡು."

ಅವನು ಕಟ್ ಮಾಡಿದ. ಅಲ್ಲೇ ಹಾಲಿನ ಫ್ರಿಜ್ಜಿನ ಪಕ್ಕ ನೆಲದ ಮೇಲೆ ಕೂತುಬಿಟ್ಟನಂತೆ. ಆಕೆ ಗಲ್ಲಾ ಬಿಟ್ಟು ಬಂದು ಅವನ ಕೈಗೆ ಒಂದು ಲೋಟ ಬಿಸಿ ಚಹಾ ಕೊಟ್ಟರು. ಹೋದದ್ದು 1,000 ಡಾಲರ್, ಅಂದಾಜು 60 ಸಾವಿರ ರೂಪಾಯಿ. ಉಳಿದದ್ದು ಅದರ ಎರಡರಷ್ಟು.

ಇದನ್ನೆಲ್ಲ ಅವನು ನನಗೆ ಹೇಳಿದ್ದು ಮೂರು ವಾರದ ನಂತರ, ಒಗ್ಗರಣೆ ಅವಲಕ್ಕಿಯ ತಟ್ಟೆ ಹಿಡಿದುಕೊಂಡು, ಎಲ್ಲರೂ ಆ ಕಡೆ ಹೋದ ಮೇಲೆ. ಕೊನೆಗೆ ಹೇಳಿದ, "ಊರಿಗೆ ಗೊತ್ತಾಗೋದು ಬೇಡ ಆಂಟಿ. ಅಪ್ಪ ಪೇಟೆಯಲ್ಲಿ ಎಲ್ಲರ ಹತ್ತಿರ ಮಗ ಬಹಳ ಬುದ್ಧಿವಂತ ಅಂತ ಹೇಳ್ಕೊಂಡಿದಾರೆ." ನನಗೆ ಸಂಕಟವಾದದ್ದು ಈ ಮಾತಿಗೆ. ಅವನು ಪೊಲೀಸರಿಗೂ ತಿಳಿಸಿರಲಿಲ್ಲ. ಆ ದೇಶದಲ್ಲಿ ಇದಕ್ಕೆಂದೇ ಕೆನಡಾ ವಂಚನೆ ತಡೆ ಕೇಂದ್ರ ಇದೆ, ದೂರವಾಣಿ 1-888-495-8501. ಮರುದಿನ ನನ್ನ ಮಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನು ಮಾಡಿಸಿದಳು. ಹಣ ಬರಲಿಲ್ಲ. ಅದೇ ವಾರ ಅವನು ಮನೆಗೂ ಹೇಳಿದ. ಅಪ್ಪ ಬೈದರಾ ಅಂತ ಕೇಳಿದೆ. "ಇಲ್ಲ ಆಂಟಿ, ಶುಂಠಿ ರೇಟು ಅದಕ್ಕಿಂತ ಜಾಸ್ತಿ ಬಿದ್ದಿದೆ ಬಿಡು ಅಂದ್ರು."

ಅಂಥ ಅಪ್ಪ ಎಲ್ಲರಿಗೂ ಸಿಗುವುದಿಲ್ಲ. ಅಜ್ಜ ಅಜ್ಜಿಯರೇ, ಪರದೇಶದಲ್ಲಿರುವ ಮಕ್ಕಳ ಹತ್ತಿರ ಪ್ರತಿ ಭಾನುವಾರ "ಊಟ ಆಯ್ತಾ, ಚಳಿ ಇದೆಯಾ" ಅಂತ ಕೇಳುತ್ತೀರಲ್ಲ, ಒಮ್ಮೆ "ಯಾರಾದರೂ ಫೋನ್ ಮಾಡಿ ಹೆದರಿಸಿದರಾ" ಅಂತಲೂ ಕೇಳಿ.

ಈ ಫೋನುಗಳು ಎಲ್ಲಿಂದ ಬರುತ್ತವೆ? ಇದನ್ನು ಹೇಳಲು ನನಗೆ ನಾಚಿಕೆಯೇ ಆಗುತ್ತದೆ, ಆದರೂ ಮಕ್ಕಳಿಗೆ ಗೊತ್ತಿರಲಿ. 2016ರ ಅಕ್ಟೋಬರಿನಲ್ಲಿ ಮುಂಬೈ ಹತ್ತಿರದ ಮೀರಾ ರೋಡಿನಲ್ಲಿ ಠಾಣೆ ಪೊಲೀಸರು ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿ ನೂರಾರು ಜನರನ್ನು ವಿಚಾರಣೆಗೆ ಹಿಡಿದರು. ಅಲ್ಲಿ ಕೂತವರು ರಾತ್ರಿಯಿಡೀ ಅಮೆರಿಕದ ತೆರಿಗೆ ಅಧಿಕಾರಿಗಳಂತೆ ಮಾತಾಡುತ್ತಿದ್ದರು. ಅದೇ ತಿಂಗಳು ಅಮೆರಿಕದಲ್ಲಿ, ಅಹಮದಾಬಾದಿನ ಕಾಲ್ ಸೆಂಟರುಗಳ ಜೊತೆ ಸೇರಿ ಇದೇ ದಂಧೆ ನಡೆಸಿದ ಆರೋಪದ ಮೇಲೆ 56 ಜನರ ಮೇಲೆ ಮೊಕದ್ದಮೆ ಹೂಡಲಾಯಿತು. 2018ರಲ್ಲಿ ಅವರಲ್ಲಿ 21 ಮಂದಿಗೆ ಶಿಕ್ಷೆಯಾಯಿತು, ಕೆಲವರಿಗೆ 20 ವರ್ಷದವರೆಗೆ. ಕೆನಡಾದ ಪೊಲೀಸರೂ 2018ರಲ್ಲಿ 'ಆಕ್ಟೇವಿಯಾ' ಅನ್ನುವ ಹೆಸರಿನಲ್ಲಿ ತನಿಖೆ ಶುರು ಮಾಡಿದರು, ಭಾರತದಲ್ಲೂ ದಾಳಿಗಳಾದವು. ಅಂದರೆ ನಮ್ಮೂರ ಹುಡುಗನನ್ನು ಹೆದರಿಸಿದ ದನಿ ನಮ್ಮ ದೇಶದ ಇನ್ನೊಬ್ಬ ಹುಡುಗನದೇ ಆಗಿದ್ದರೂ ಆಶ್ಚರ್ಯವಿಲ್ಲ. ಅವನಿಗೂ ಮನೆಯಲ್ಲಿ ಅಜ್ಜಿ ಇರಬಹುದು.

ಪರದೆಯ ಮೇಲೆ ಸರ್ಕಾರದ ಹೆಸರು ಕಂಡದ್ದು ಹೇಗೆ ಅಂತ ಮಕ್ಕಳು ಕೇಳಿಯೇ ಕೇಳುತ್ತೀರಿ. ಅಂಚೆಯ ಲಕೋಟೆಯ ಮೇಲೆ 'ಇಂದ' ಅಂತ ಬರೆಯುವ ಜಾಗದಲ್ಲಿ ಯಾರು ಬೇಕಾದರೂ ಮುಖ್ಯಮಂತ್ರಿಯ ಹೆಸರು ಬರೆಯಬಹುದು, ಅಲ್ಲವೆ? ಫೋನಿನಲ್ಲಿ ಕಾಣುವ ಹೆಸರು, ಸಂಖ್ಯೆಯೂ ಹಾಗೆಯೇ. ಇಂಟರ್‌ನೆಟ್ ಮೂಲಕ ಫೋನು ಮಾಡುವವರು ತಮಗೆ ಬೇಕಾದ ಸಂಖ್ಯೆಯನ್ನು ತೋರಿಸಬಲ್ಲರು. ಸಿ.ಆರ್.ಎ.ದವರು ಕೆಲವೊಮ್ಮೆ ನಿಜವಾಗಿಯೂ ಫೋನು ಮಾಡುತ್ತಾರೆ, ಅದು ಸುಳ್ಳಲ್ಲ. ಆದರೆ ಪೊಲೀಸರನ್ನು ಕಳಿಸುತ್ತೇವೆ, ದೇಶದಿಂದ ಓಡಿಸುತ್ತೇವೆ ಅಂತ ಹೆದರಿಸುವುದಿಲ್ಲ. ಗಿಫ್ಟ್ ಕಾರ್ಡು, ಬಿಟ್‌ಕಾಯಿನ್ ಕೇಳುವುದಿಲ್ಲ. ತೆರಿಗೆ ಹಣ ವಾಪಸ್ ಬರುವುದಿದ್ದರೆ ಅದು ನೇರವಾಗಿ ಖಾತೆಗೋ ಅಂಚೆಯಲ್ಲಿ ಚೆಕ್ಕಾಗಿಯೋ ಬರುತ್ತದೆ, ಮೊಬೈಲಿನ ಸಂದೇಶದಲ್ಲಿ "ಇಲ್ಲಿ ಒತ್ತಿ" ಅಂತ ಬರುವುದಿಲ್ಲ. ಅನುಮಾನ ಬಂದರೆ "ನಾನೇ ನಿಮ್ಮ ಕಚೇರಿಗೆ ಫೋನು ಮಾಡ್ತೀನಿ" ಅಂದು ಇಟ್ಟುಬಿಡಬೇಕು. ಆಮೇಲೆ ಅವರು ಕೊಟ್ಟ ಸಂಖ್ಯೆಗಲ್ಲ, ನಾವೇ ಹುಡುಕಿದ ಸಂಖ್ಯೆಗೆ ಮಾಡಬೇಕು. ನಿಜವಾದ ಅಧಿಕಾರಿ ಬೇಸರ ಮಾಡಿಕೊಳ್ಳುವುದಿಲ್ಲ. ಕಳ್ಳ ಮಾತ್ರ ಕಿರುಚಾಡುತ್ತಾನೆ.

ಇನ್ನು ಬಾಡಿಗೆ ಮನೆಯದು. ನಿನ್ನ ಚಿಕ್ಕಪ್ಪ ತುಮಕೂರಿನಲ್ಲೇ ಕೂತು ಈಗಾಗಲೇ ಮೊಬೈಲಿನಲ್ಲಿ ಮನೆ ಹುಡುಕುತ್ತಿರಬಹುದು. ಚಂದದ ಅಡುಗೆಮನೆ, ದೊಡ್ಡ ಕಿಟಕಿ, ಬಾಡಿಗೆ ಉಳಿದವಕ್ಕಿಂತ ಕಡಿಮೆ. ಯಜಮಾನ ತಾನು ಬೇರೆ ದೇಶದಲ್ಲಿದ್ದೇನೆ, ತೋರಿಸಲು ಆಗುವುದಿಲ್ಲ, ಎರಡು ತಿಂಗಳ ಹಣ ಕಳಿಸಿದರೆ ಕೀಲಿಕೈ ಕೊರಿಯರ್ ಮಾಡುತ್ತೇನೆ ಅನ್ನುತ್ತಾನೆ. ಆ ಮನೆ ನಿಜವಾಗಿ ಇರುತ್ತದೆ, ಆದರೆ ಬೇರೆ ಯಾರದೋ. ಮಾರಾಟಕ್ಕಿಟ್ಟ ಮನೆಯ ಫೋಟೋಗಳನ್ನು ಕದ್ದು ಹಾಕಿರುತ್ತಾರೆ. ಮಕ್ಕಳೇ, ಫೋಟೋವನ್ನೇ ಕೊಟ್ಟು ಇಂಟರ್‌ನೆಟ್ಟಿನಲ್ಲಿ ಹುಡುಕುವ ವಿದ್ಯೆ ನಿಮಗೆ ದೊಡ್ಡವರಿಗಿಂತ ಚೆನ್ನಾಗಿ ಬರುತ್ತದೆ. ಚಿಕ್ಕಪ್ಪ ತೋರಿಸಿದ ಮನೆಯ ಫೋಟೋ ಬೇರೆ ಊರಿನ ಬೇರೆ ಜಾಹೀರಾತಿನಲ್ಲೂ ಕಂಡರೆ ಮನೆಯಲ್ಲಿ ಕೂಗಿ ಹೇಳಿ. ಯಾರಾದರೂ ಪರಿಚಯದವರು ಹೋಗಿ ಬಾಗಿಲು ತೆಗೆಸಿ ಒಳಗೆ ಕಾಲಿಟ್ಟು ನೋಡುವ ತನಕ ಒಂದು ಡಾಲರೂ ಕಳಿಸಬಾರದು. ಟೊರಾಂಟೊ ಇರುವ ಒಂಟಾರಿಯೋ ಪ್ರಾಂತ್ಯದಲ್ಲಿ ಮನೆಯವರು ಮೊದಲ ತಿಂಗಳ ಬಾಡಿಗೆಯ ಜೊತೆ ಕೊನೆಯ ತಿಂಗಳದ್ದನ್ನು ಮುಂಗಡವಾಗಿ ಕೇಳಬಹುದು. ಮನೆ ಹಾಳಾದರೆ ಇರಲಿ ಅಂತ ಬೇರೆ ಠೇವಣಿ ಕೇಳುವುದಕ್ಕೆ ಅಲ್ಲಿ ಕಾನೂನಿನಲ್ಲಿ ಅವಕಾಶವಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿ ಅಭ್ಯಾಸವಾದ ನಮ್ಮವರಿಗೆ ಇದು ಗೊತ್ತೇ ಇರುವುದಿಲ್ಲ. ಕೇಳಿದಷ್ಟು ಕೊಟ್ಟು, ಕಡಿಮೆಯಾಯಿತಲ್ಲ ಅಂತ ಖುಷಿಪಡುತ್ತಾರೆ.

ಚೆಕ್ಕಿನ ಮೋಸ ನನ್ನ ಕಸುಬಿಗೆ ಸೇರಿದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೆಲಸ ಹುಡುಕುತ್ತಿರುವವನಿಗೆ ಮನೆಯಲ್ಲೇ ಕೂತು ಮಾಡುವ ನೌಕರಿ ಸಿಗುತ್ತದೆ, ಸಂದರ್ಶನವೆಲ್ಲ ಬರೀ ಸಂದೇಶದಲ್ಲೇ ಮುಗಿದಿರುತ್ತದೆ. ಆಮೇಲೆ 3,000 ಡಾಲರಿನ ಚೆಕ್ಕು ಬರುತ್ತದೆ. "ಖಾತೆಗೆ ಹಾಕಿಕೊ, 500 ನಿನ್ನ ಸಂಬಳ, ಉಳಿದ 2,500 ಕಂಪ್ಯೂಟರ್ ಮಾರುವವನಿಗೆ ಕಳಿಸು." ಹಾಕಿದ ಮೇಲೆ ಖಾತೆಯಲ್ಲಿ ಹಣ ಕಾಣುತ್ತದೆ! ಹುಡುಗ 2,500 ಕಳಿಸುತ್ತಾನೆ. ಕೆಲವು ದಿನದ ಮೇಲೆ ಚೆಕ್ಕು ಖೋಟಾ ಅಂತ ಬ್ಯಾಂಕು ವಾಪಸ್ ಮಾಡುತ್ತದೆ, ಅಷ್ಟೂ ಹಣವನ್ನು ಖಾತೆಯಿಂದ ತೆಗೆದುಕೊಳ್ಳುತ್ತದೆ. ಯಾಕೆ ಹೀಗೆ? ಚೆಕ್ಕು ಹಣವಲ್ಲ ಮಕ್ಕಳೇ, ಹಣ ಕೊಡುತ್ತೇನೆ ಅನ್ನುವ ಚೀಟಿ. ಅದನ್ನು ಬರೆದವರ ಬ್ಯಾಂಕು 'ಹೌದು, ಇದು ನಮ್ಮದೇ' ಅನ್ನುವ ಮುಂಚೆಯೇ ನಿಮ್ಮ ಬ್ಯಾಂಕು ನಂಬಿಕೆಯ ಮೇಲೆ ಹಣ ಬಳಸಲು ಬಿಟ್ಟಿರುತ್ತದೆ. ಕಾಣಿಸಿದ್ದು ಬ್ಯಾಂಕಿನ ಕೈಗಡ, ನಿಮ್ಮ ಹಣವಲ್ಲ. ಗಲ್ಲಾದ ಈಚೆ ಕೂತು ಎಷ್ಟು ಗಿರಾಕಿಗಳಿಗೆ ಇದನ್ನು ಹೇಳಿದ್ದೇನೋ ಲೆಕ್ಕವಿಲ್ಲ. ಮೊದಲೇ ಸಂಬಳ ಕೊಟ್ಟು ಅದರಲ್ಲಿ ಮುಕ್ಕಾಲು ವಾಪಸ್ ಕೇಳುವ ಯಜಮಾನ ಭೂಮಿಯ ಮೇಲೆ ಎಲ್ಲೂ ಇಲ್ಲ.

ಕೆಲಸ ಕೊಡಿಸುತ್ತೇನೆ ಅಂತ ಕೆಲಸಗಾರನಿಂದಲೇ ದುಡ್ಡು ಕೀಳುವವರೂ ಇದ್ದಾರೆ. ಹೊರದೇಶದಿಂದ ಬಂದ ಕೆಲಸಗಾರನಿಂದ ಹಾಗೆ ಪಡೆಯುವುದು ಒಂಟಾರಿಯೋದಲ್ಲಿ ಕಾನೂನಿಗೆ ವಿರುದ್ಧ. ಇಲ್ಲಿಂದ ಹೊರಡುವಾಗಿನ ಮಾತು ಬೇರೆ. ನಮ್ಮ ದೇಶದಲ್ಲಿ 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಾಯಿತ ಏಜೆಂಟರು ಮಾತ್ರ ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸಬಹುದು. ಅವರು ತೆಗೆದುಕೊಳ್ಳುವ ಶುಲ್ಕಕ್ಕೂ 30,000 ರೂಪಾಯಿ ಮತ್ತು ಜಿ.ಎಸ್.ಟಿ. ಅಂತ ಮಿತಿಯಿದೆ. ಕೊಲ್ಲಿ ದೇಶಕ್ಕೆ ಹೊರಟ ಕರಾವಳಿಯ ಹುಡುಗರಿಂದ ಲಕ್ಷಗಟ್ಟಲೆ ಎಣಿಸಿಕೊಳ್ಳುವವರು ಈ ಕಾಯ್ದೆಯ ಹೆಸರು ಎತ್ತುವುದಿಲ್ಲ.

ಎಲ್ಲಕ್ಕಿಂತ ಕ್ರೂರವಾದದ್ದು ಕಾಗದಪತ್ರದ ಮೋಸ. ಫೋನಿನ ಕಳ್ಳ ಒಂದು ದಿನದ ದುಡ್ಡು ಒಯ್ಯುತ್ತಾನೆ, ಇವನು ವರ್ಷಗಳನ್ನೇ ಒಯ್ಯುತ್ತಾನೆ. 2023ರಲ್ಲಿ ಕೆನಡಾದಲ್ಲಿದ್ದ ಭಾರತದ ಅನೇಕ ವಿದ್ಯಾರ್ಥಿಗಳ, ಹೆಚ್ಚಾಗಿ ಪಂಜಾಬಿನವರ, ಕಾಲೇಜಿನ ಪ್ರವೇಶ ಪತ್ರವೇ ಖೋಟಾ ಅಂತ ಹೊರಬಿತ್ತು. ಏಜೆಂಟು ಕೊಟ್ಟ ಪತ್ರ ನಂಬಿ ಬಂದು, ಬೇರೆ ಕಾಲೇಜಿನಲ್ಲಿ ಓದಿ, ಕೆಲಸ ಹಿಡಿದು, ಕಾಯಂ ವಾಸಕ್ಕೆ ಅರ್ಜಿ ಹಾಕಿದಾಗ ಗುಟ್ಟು ರಟ್ಟಾಯಿತು. ಗಡಿಪಾರಿನ ನೋಟಿಸು ಹಿಡಿದು ಆ ಮಕ್ಕಳು ಟೊರಾಂಟೊ ಹತ್ತಿರ ರಸ್ತೆ ಬದಿ ಧರಣಿ ಕೂತರು. ಮೋಸ ಹೋದವರು ಯಾರು, ಮೋಸಕ್ಕೆ ಕೈಜೋಡಿಸಿದವರು ಯಾರು ಅಂತ ಒಬ್ಬೊಬ್ಬರದೂ ನೋಡಲು ಸರ್ಕಾರ ಒಂದು ತಂಡ ಮಾಡಿತು. 2023ರ ಡಿಸೆಂಬರ್ 1ರಿಂದ ಪ್ರತಿಯೊಂದು ಪ್ರವೇಶ ಪತ್ರವನ್ನೂ ಕಾಲೇಜೇ ದೃಢಪಡಿಸಬೇಕು ಅನ್ನುವ ನಿಯಮ ಬಂತು. ನನಗೆ ಕೇಳಿದರೆ, ಅದು ಮೊದಲೇ ಇರಬೇಕಿತ್ತು.

ಕೆನಡಾದಲ್ಲಿ ದುಡ್ಡು ತೆಗೆದುಕೊಂಡು ವಲಸೆಯ ಸಲಹೆ ಕೊಡುವವರು ವಕೀಲರಾಗಿರಬೇಕು, ಇಲ್ಲವೇ 2021ರಲ್ಲಿ ಶುರುವಾದ ವಲಸೆ ಸಲಹೆಗಾರರ ಕಾಲೇಜಿನ ಪರವಾನಗಿ ಪಡೆದಿರಬೇಕು. ಹೆಸರಿಗೆ ಕಾಲೇಜು, ಅಲ್ಲಿ ಪಾಠವಿಲ್ಲ. ನಮ್ಮ ವಕೀಲರ ಪರಿಷತ್ತಿನಂಥ ಸಂಸ್ಥೆ ಅದು. ಅವರ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಪರವಾನಗಿ ಇದೆಯೋ ಇಲ್ಲವೋ ಕಾಣುತ್ತದೆ. ಅಮೆರಿಕದಲ್ಲಿ ಇದರದೇ ಇನ್ನೊಂದು ರೂಪ. ಮೆಕ್ಸಿಕೊ ಮೊದಲಾದ ದೇಶಗಳಲ್ಲಿ 'ನೋಟಾರಿಯೊ' ಅಂದರೆ ದೊಡ್ಡ ವಕೀಲ. ಅಮೆರಿಕದಲ್ಲಿ 'ನೋಟರಿ' ಅಂದರೆ ಸಹಿಗೆ ಸಾಕ್ಷಿ ಹಾಕುವವನು, ಅಷ್ಟೆ. ಬೋರ್ಡಿನ ಮೇಲೆ ಆ ಒಂದು ಪದ ಬರೆದು ಎಷ್ಟೋ ಬಡವರ ಅರ್ಜಿ ಕೆಡಿಸಿದ್ದಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ಅವರ ಭಾಷೆಯಲ್ಲೂ ಇರಬೇಕು, ಆದರೆ ಹೊಸ ಊರಿನಲ್ಲಿ ಯಾವುದು ಸುಣ್ಣದ ನೀರು ಅಂತ ತೋರಿಸುವವರು ಬೇಕಲ್ಲ. ಕೆನಡಾದಲ್ಲಿ ಹೊಸದಾಗಿ ಬಂದವರಿಗೆ ಉಚಿತವಾಗಿ ನೆರವಾಗುವ ಕೇಂದ್ರಗಳಿವೆ, ಎಷ್ಟೋ ಕಡೆ ಸಾರ್ವಜನಿಕ ಗ್ರಂಥಾಲಯದಲ್ಲೇ ಅವರು ಸಿಗುತ್ತಾರೆ. ನಿನ್ನ ಚಿಕ್ಕಪ್ಪ ಮೊದಲ ವಾರವೇ ಗ್ರಂಥಾಲಯದ ಕಾರ್ಡು ಮಾಡಿಸಲಿ. ಪುಸ್ತಕವೂ ಸಿಗುತ್ತದೆ, ಬೆಚ್ಚಗೂ ಇರುತ್ತದೆ.

ಈಗ ಇಲ್ಲೇ ಊರಲ್ಲಿ ಉಳಿದ ನಮ್ಮ ವಿಷಯ. ಮಕ್ಕಳು ಹೊರಗೆ ಹೋದದ್ದು ಕಳ್ಳರಿಗೂ ಗೊತ್ತಿರುತ್ತದೆ. "ಅಜ್ಜಿ, ನಾನು, ಗಾಡಿ ಅಪಘಾತ ಆಯ್ತು, ಪೊಲೀಸರು ಹಿಡಿದಿದಾರೆ, ಅಪ್ಪಂಗೆ ಹೇಳ್ಬೇಡ, ದುಡ್ಡು ಕಳ್ಸು" ಅನ್ನುವ ಫೋನು ಕೆನಡಾ ಅಮೆರಿಕದ ಅಜ್ಜಿಯರಿಗೆ ಹಳೆಯದು, ಜಾಮೀನಿನ ಹಣ ಅಂತ ಮನೆ ಬಾಗಿಲಿಗೇ ಆಳು ಕಳಿಸಿ ಕಿತ್ತುಕೊಳ್ಳುತ್ತಾರೆ. ಈಗ ಒಬ್ಬರ ದನಿಯನ್ನು ಕಂಪ್ಯೂಟರಿನಿಂದ ಹಾಗೇ ಅನುಕರಿಸಲೂ ಆಗುತ್ತದೆ, ಮೊಬೈಲಿಗೆ ಹಾಕಿದ ಚಿಕ್ಕ ವಿಡಿಯೊ ಸಾಕು. ನಮ್ಮ ದೇಶದಲ್ಲಿ ಅದರ ತಮ್ಮ 'ಡಿಜಿಟಲ್ ಅರೆಸ್ಟ್'. ವಿಡಿಯೊದಲ್ಲಿ ಖಾಕಿ ಹಾಕಿ ಕೂತು ಹಿರಿಯರನ್ನು ದಿನಗಟ್ಟಲೆ ಕ್ಯಾಮೆರಾ ಮುಂದೆ ಕೂರಿಸುತ್ತಾರೆ. ಅಂಥದೊಂದು ಬಂಧನ ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಹಣ ಹೋದರೆ ಆ ಕ್ಷಣವೇ 1930ಕ್ಕೆ ಫೋನು ಮಾಡಬೇಕು. ಬೇಗ ತಿಳಿಸಿದರೆ ಹಣವನ್ನು ನಡುದಾರಿಯಲ್ಲಿ ಬ್ಯಾಂಕಿನವರೇ ತಡೆಯುವ ಸಾಧ್ಯತೆ ಇರುತ್ತದೆ.

ದನಿ ನಂಬುವ ಹಾಗಿಲ್ಲ ಅಂದಮೇಲೆ ಮನೆಮನೆಗೂ ಒಂದು ಗುಟ್ಟಿನ ಮಾತು ಬೇಕು. ಮಕ್ಕಳೇ, ಇದು ನಿಮ್ಮ ಕೆಲಸ. ಈ ಭಾನುವಾರ ಅಜ್ಜ ಅಜ್ಜಿಯ ಜೊತೆ ಕೂತು ಒಂದು ಪದ ಆರಿಸಿ. ಹುಟ್ಟಿದ ದಿನ, ಊರಿನ ಹೆಸರು ಬೇಡ, ಅವು ಎಲ್ಲರಿಗೂ ಗೊತ್ತು. ಅಜ್ಜನ ಮನೆಯಲ್ಲಿ ಹಿಂದೆ ಇದ್ದ ಎಮ್ಮೆಯ ಹೆಸರು, ಅಜ್ಜಿ ಒಮ್ಮೆ ಸೀದುಹೋಗಿಸಿದ ಸಿಹಿಯ ಹೆಸರು, ಇಂಥದ್ದು ನಡೆಯುತ್ತದೆ. ಅದನ್ನು ಮೊಬೈಲಿನಲ್ಲಿ ಬರೆದು ಕಳಿಸಬೇಡಿ, ಬಾಯಿಂದ ಬಾಯಿಗೆ ಹೇಳಿ. ಯಾರಾದರೂ ಫೋನಿನಲ್ಲಿ ಅಳುತ್ತಾ ಹಣ ಕೇಳಿದರೆ "ಪುಟ್ಟಾ, ಮೊದಲು ಆ ಮಾತು ಹೇಳು" ಅನ್ನಿ. ನಿಜವಾದ ಮೊಮ್ಮಗ ಅಳುವಿನ ಮಧ್ಯೆಯೂ ಹೇಳುತ್ತಾನೆ.

ನಮ್ಮ ಮನೆಯದನ್ನು ಮಿಸ್ಸಿಸ್ಸಾಗದ ಮೊಮ್ಮಗಳು ಆರಿಸಿದ್ದು. ಅವಳಿಗೆ ಎಂಟು ವರ್ಷ. ಕಳೆದ ತಿಂಗಳು ಫೋನು ಮಾಡಿ ಚಾಕೊಲೇಟ್ ಕಳಿಸು ಅಂದಾಗ ನಾನು ಆ ಮಾತು ಕೇಳಿದೆ. "ಅಜ್ಜಿ, ನೀನು ಮೊದಲು ಹೇಳು, ನೀನೇ ನಮ್ಮಜ್ಜಿ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಅಂದಳು. ಅದೇನು ಮಾತು ಅಂತ ಪತ್ರಿಕೆಯ ಸಂಪಾದಕರೂ ಕೇಳಿದರು. ಅವರಿಗೂ ಹೇಳಲಿಲ್ಲ.